ಹಿಂಭಾಗ ಓಲಾಡಿದರೆ ಮೊದಲು ಬುಷ್ ನೋಡಿ

ಕಲಬುರಗಿ ಸುತ್ತ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಮೇಲಿನ ಡಾಂಬರೂ ಅಲೆ ಅಲೆಯಾಗುತ್ತದೆ. ಪೋಲೋ ಜಿಟಿ, ಆಕ್ಟೇವಿಯಾ ವಿಆರ್‌ಎಸ್‌ನಂಥ ಚುರುಕು ಕಾರಿನ ಹಿಂಭಾಗ ಸಡಿಲವಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಗ್ಯಾರೇಜಿಗೆ ಹೋದರೆ ಒಂದೇ ಮಾತು: ‘ಶಾಕಪ್ ಹೋಗ್ಯಾವ್ರೀ.’ ಹೊಸ ಶಾಕಪ್ ಬೀಳುತ್ತವೆ, ಓಲಾಟ ಹಾಗೇ ಇರುತ್ತದೆ.

ಮೊದಲು ಲಕ್ಷಣ ನೋಡಿ. ಉಬ್ಬು ದಾಟಿದ ಮೇಲೂ ಕುಣಿಯುತ್ತಲೇ ಇದ್ದರೆ ಶಾಕಪ್ ಮೇಲೆ ಅನುಮಾನ. ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಹಿಂಭಾಗ ಪಕ್ಕಕ್ಕೆ ಸರಿದಂತಾದರೆ ಟೈರ್, ಬುಷ್ (ಚಕ್ರ ಹಿಡಿಯುವ ಲೋಹದ ಭಾಗಗಳ ಜೋಡಣೆಯಲ್ಲಿರುವ ರಬ್ಬರ್) ಅಥವಾ ಅಲೈನ್‌ಮೆಂಟ್ (ಚಕ್ರಗಳ ಕೋನದ ಹೊಂದಾಣಿಕೆ) ಮೇಲೆ ಅನುಮಾನ.

ಗಾಳಿಯನ್ನು ಬೆಳಿಗ್ಗೆ, ಗಾಡಿ ತೆಗೆಯುವ ಮುಂಚೆ ನೋಡಿ. ಮೇ ತಿಂಗಳ ಮಧ್ಯಾಹ್ನ ಬಿಸಿ ಟೈರಿನ ಗಾಳಿ ಬಿಡಬೇಡಿ. 5–6 ಡಿಗ್ರಿಗೆ ಸುಮಾರು 1 ಪಿಎಸ್‌ಐ ಏರುವುದು ಸಹಜ. ಹೊಸ ಟೈರ್ ಎರಡೇ ಇದ್ದರೆ ಹಿಂದೆ ಹಾಕಿ, ಮುಂದಿನ ಚಕ್ರ ಎಳೆಯುವ ಗಾಡಿಯಾದರೂ ಸರಿ.

ಇನ್ನು ಬುಷ್. ಎಲ್ಲರೂ ಎಡವುವುದು ಇಲ್ಲೇ. ಮುಂದಿನ ಚಕ್ರಕ್ಕೆ ಕಲ್ಲು ಕೊಡಿ, ಹಿಂಭಾಗ ಎತ್ತಿ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕಬೇಡಿ. ಚಕ್ರ ಅಲುಗಾಡಿಸಿದರೆ ಬೇರಿಂಗ್ ಸಡಿಲವಿದ್ದದ್ದು ತಿಳಿಯಬಹುದು, ಹರಿದ ಬುಷ್ ಕೈಗೆ ಸಿಗುವುದಿಲ್ಲ. ಬುಷ್ ಪಕ್ಕ ಉದ್ದನೆ ರಾಡು ತೂರಿಸಿ ಮೆಲ್ಲಗೆ ಮೀಟಿ. ರಬ್ಬರ್ ಸ್ವಲ್ಪ ಬಾಗಿ ಹಿಂದಕ್ಕೆ ಬಂದರೆ ಪರವಾಗಿಲ್ಲ. ಬಿರುಕು ಬಾಯಿ ಬಿಟ್ಟರೆ, ಟಕ್ ಎಂದರೆ ಅದು ಮುಗಿದಿದೆ. ಪೋಲೋದಲ್ಲಿ ಹಿಂದಿನ ಎರಡೂ ಚಕ್ರ ಜೋಡಿಸುವ ಅಡ್ಡ ಬೀಮಿನ ಎರಡು ದಪ್ಪ ಬುಷ್ ನೋಡಿ. ಬೀಮ್ ಬದಲು ಚಕ್ರಕ್ಕೆ ಹಲವು ಆರ್ಮ್‌ಗಳಿರುವ (ಲೋಹದ ತೋಳುಗಳಿರುವ) ಗಾಡಿಯಲ್ಲಿ ಟೋ, ಅಂದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಹಿಡಿಯುವ ಆರ್ಮಿನ ಎರಡೂ ತುದಿಯಿಂದ ಶುರು ಮಾಡಿ. ಆ ಬುಷ್ ಹರಿದಿದ್ದರೆ ನಿಂತ ಗಾಡಿಯಲ್ಲಿ ಅಲೈನ್‌ಮೆಂಟ್ ಮಷಿನ್ ಸರಿಯಾದ ಅಂಕಿಯನ್ನೇ ತೋರಿಸಬಹುದು. ಓಡುವಾಗ, ಬ್ರೇಕ್ ಹಿಡಿದಾಗ ಮಾತ್ರ ಚಕ್ರ ತಾನೇ ಹೊರಕ್ಕೆ ತಿರುಗುತ್ತದೆ.

ಹೊಸ ಬುಷ್ ಹಾಕುವಾಗ ಬೋಲ್ಟನ್ನು ಪೂರ್ತಿ ಬಿಗಿಯುವುದು ಚಕ್ರದ ಮೇಲೆ ಗಾಡಿಯ ಭಾರ ಬಿದ್ದ ಮೇಲೆ. ಗಾಡಿ ಮೇಲೆ ತೂಗುವಾಗಲೇ ಬಿಗಿದರೆ, ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ. ಮೇಸ್ತ್ರಿಗೆ ಅವಸರ ಇರುತ್ತದೆ, ನೀವೇ ಪಕ್ಕದಲ್ಲಿ ನಿಲ್ಲಿ. ರಸ್ತೆ ಗಾಡಿಗೆ ಕಂಪನಿ ರಬ್ಬರೇ ಸಾಕು, ಪಾಲಿಯುರೆಥೇನ್ (ಗಡುಸು ಪ್ಲಾಸ್ಟಿಕ್) ಬುಷ್ ಬೇಡ. ಸ್ಪ್ರಿಂಗ್ ಸುತ್ತಿನ ನಡುವೆ ತುರುಕುವ ರಬ್ಬರ್ ಬಫರ್ ಇದ್ದರೆ ಕಿತ್ತು ಬಿಸಾಕಿ. ಅದು ಸ್ಪ್ರಿಂಗನ್ನು ಸುಮ್ನೆ ಗಡುಸು ಮಾಡುತ್ತದೆ, ಹಿಂಭಾಗ ಜಾಸ್ತಿ ಜಿಗಿಯುತ್ತದೆ.

ಶಾಕಪ್‌ನಿಂದ ಎಣ್ಣೆ ಸೋರಿ ಧೂಳು ಮೆತ್ತಿದ್ದರೆ ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಿ.

ಕೊನೆಗೆ ನಾಲ್ಕೂ ಚಕ್ರದ ಅಲೈನ್‌ಮೆಂಟ್. ಪ್ರಿಂಟ್ ಕೇಳಿ ಪಡೆಯಿರಿ. ಹಿಂದಿನ ಟೋ ಸಾಮಾನ್ಯವಾಗಿ ತುಸು ಒಳಮುಖ ಇರಬೇಕು. ಬೀಮ್ ಇರುವ ಗಾಡಿಗೆ ಹಿಂದಿನ ಟೋ ಹೊಂದಿಸುವ ಬೋಲ್ಟೇ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೂ ಬಿಲ್ ಹಾಕಿದ್ದರೆ ಯಾವ ಬೋಲ್ಟ್ ತಿರುಗಿಸಿದಿರಿ, ತೋರಿಸಿ ಎನ್ನಿ.