ಲೇಸ್ ಶಾಲು ಹೆಣೆದಿರಾ? ಇಸ್ತ್ರಿಪೆಟ್ಟಿಗೆ ದೂರ ಇಡಿ

ಕಡ್ಡಿಯಿಂದ ಆಗಷ್ಟೇ ಇಳಿಸಿದ ಲೇಸ್ ಶಾಲು ನೋಡಲು ಚೆನ್ನಾಗಿರುವುದಿಲ್ಲ. ಪಾತ್ರೆ ತಿಕ್ಕುವ ನಾರಿನ ಹಾಗೆ ಮುದುಡಿಕೊಂಡಿರುತ್ತದೆ. ತೂತುಗಳು ಮುಚ್ಚಿರುತ್ತವೆ, ಅಂಚು ಡೊಂಕಾಗಿರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ತಿಂಗಳುಗಟ್ಟಲೆ ಕೂತು ಹೆಣೆದವರು ಕೊನೆಗೆ ಇಸ್ತ್ರಿ ಎಳೆದು, ಮಡಚಿ ತಿಜೋರಿಗೆ ಸೇರಿಸುತ್ತಾರೆ. "ಫೋಟೋದಾಗ ಇದ್ದಂಗ ಬರ್ಲಿಲ್ರೀ ಅಕ್ಕಾರ" ಅನ್ನುತ್ತಾರೆ. ಬಂದಿರುತ್ತದೆ. ನೀರಿಗೆ ಹಾಕಿ, ಎಳೆದು, ಪಿನ್ ಚುಚ್ಚಿ ಒಣಗಿಸಿರುವುದಿಲ್ಲ ಅಷ್ಟೇ.

ಸೀದಾ, ಉಲ್ಟಾ ಹೆಣೆಯಲು ಬರುವವರಿಗೆ ಈ ಲೇಖನ. ಮಗುವಿಗೆ ಒಂದು ಟೊಪ್ಪಿಗೆ ಹೆಣೆದಿದ್ದರೂ ಸಾಕು.

ಹಂತ 1: ದಾರ

ಹುಬ್ಬಳ್ಳಿಯ ದುರ್ಗದಬೈಲ್‌ನಲ್ಲಿ ಕೇಳಿ, ಧಾರವಾಡದ ಸುಭಾಸ ರಸ್ತೆಯಲ್ಲಿ ಕೇಳಿ, 'ಉಲನ್' ಎಂದು ಕೈಗೆ ಕೊಡುವುದು ಹೆಚ್ಚಿನ ಸಲ ಅಕ್ರಿಲಿಕ್. ಸ್ವೆಟರಿಗೆ ಅದು ನಡೆಯುತ್ತದೆ. ಲೇಸಿಗೆ ಬೇಡ. ಅನುಮಾನ ಬಂದರೆ ಒಂದು ತುಂಡು ದಾರ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುವ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಮೊದಲ ಶಾಲಿಗೆ 100 ಗ್ರಾಮಿನಲ್ಲಿ ಸುಮಾರು 400 ಮೀಟರ್ ಬರುವ ಉಣ್ಣೆ ದಾರ ತರಿಸಿ, 200 ಗ್ರಾಂ ಸಾಕು. ಬಣ್ಣ ಒಂದೇ ಇರಲಿ, ತಿಳಿಯಾಗಿರಲಿ. ಮೂರ್ನಾಲ್ಕು ಬಣ್ಣ ಕಲೆಸಿದ ದಾರ ಅಂಗಡಿಯಲ್ಲಿ ಚೆಂದ ಕಾಣುತ್ತದೆ, ಹೆಣೆದ ಮೇಲೆ ಡಿಸೈನನ್ನೇ ನುಂಗುತ್ತದೆ. ನಮ್ಮ ಕಡೆಯ ಕಂಬಳಿ ಉಣ್ಣೆಯಲ್ಲಿ ಮಾಡಬಹುದಾ ಎಂದು ಕೆಲವರು ಕೇಳುತ್ತಾರೆ. ದಕ್ಕನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದೇ ಬೇಕು, ಕೊರಳಿಗೆ ಸುತ್ತುವ ಲೇಸಿಗೆ ಚುಚ್ಚುತ್ತದೆ.

ಹಂತ 2: ಕಡ್ಡಿ

4 ಮಿಲಿಮೀಟರ್ ಕಡ್ಡಿ ತಗೊಳ್ಳಿ. ನಮ್ಮಲ್ಲಿ ಹಳೇ ಬ್ರಿಟಿಷ್ ನಂಬರ್ ನಡೆಯುತ್ತದೆ, ಅದರಲ್ಲಿ ಇದು 8. ಅಮೆರಿಕದ ಡಿಸೈನಿನಲ್ಲಿ 8 ಎಂದಿದ್ದರೆ ಅದು 5 ಮಿಲಿಮೀಟರ್. ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಏರಿದಂತೆ ಕಡ್ಡಿ ಸಣ್ಣದಾಗುತ್ತದೆ, ಅಮೆರಿಕದ್ದರಲ್ಲಿ ದಪ್ಪವಾಗುತ್ತದೆ. ಹಾಗಾಗಿ ನಂಬರ್ ಬಿಟ್ಟು ಮಿಲಿಮೀಟರ್ ನೋಡಿ.

ಬಿದಿರಿನ ಕಡ್ಡಿಯೇ ಇರಲಿ. ಸ್ಟೀಲಿನದರಲ್ಲಿ ಕುಣಿಕೆಗಳು ಜಾರಿ ಬೀಳುತ್ತವೆ. ತಂತಿ ಸೇರುವ ಜಾಗದಲ್ಲಿ ಏಣು ಇರುವ ಅಗ್ಗದ ಪ್ಲಾಸ್ಟಿಕ್ ಸರ್ಕ್ಯುಲರ್ ಕಡ್ಡಿಯನ್ನಂತೂ ಮುಟ್ಟಬೇಡಿ. ಪ್ರತಿ ಸಾಲಿನಲ್ಲೂ ದಾರ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಹಂತ 3: ಹೆಣಿಗೆ

ಸ್ಕಾಟ್ಲೆಂಡಿನ ಶೆಟ್ಲಂಡ್ ದ್ವೀಪಗಳ ಹೆಣಿಗೆಗೆ ಸೇರಿದ 'ಫೆದರ್ ಅಂಡ್ ಫ್ಯಾನ್' ಡಿಸೈನಿನಿಂದ ಶುರು ಮಾಡಿ. ನಾಲ್ಕು ಸಾಲಿನಲ್ಲಿ ಒಂದೇ ಸಾಲಿಗೆ ತಲೆ ಕೊಟ್ಟರೆ ಸಾಕು. 18 ಕುಣಿಕೆಗೆ ಒಂದು ಡಿಸೈನ್. ನಾಲ್ಕು ಡಿಸೈನಿಗೆ 72, ಎರಡೂ ಅಂಚಿಗೆ ಮೂರು ಮೂರು, ಒಟ್ಟು 78 ಕುಣಿಕೆ ಸಡಿಲವಾಗಿ ಏರಿಸಿ. ಅಂಚಿನ ಮೂರನ್ನು ಯಾವಾಗಲೂ ಸೀದಾ ಹೆಣೆಯಿರಿ.

ಮೊದಲ ಸಾಲು ಸೀದಾ. ಎರಡನೆಯದು ಉಲ್ಟಾ. ಮೂರನೆಯದು, ಪ್ರತಿ 18 ಕುಣಿಕೆಗೂ: ಎರಡೆರಡು ಕುಣಿಕೆ ಸೇರಿಸಿ ಹೆಣೆಯುವುದು 3 ಸಲ, ದಾರ ಮುಂದೆ ತಂದು ಒಂದು ಸೀದಾ, ಹೀಗೆ 6 ಸಲ, ಮತ್ತೆ ಎರಡೆರಡು ಸೇರಿಸುವುದು 3 ಸಲ. ನಾಲ್ಕನೆಯದು ಮತ್ತೆ ಸೀದಾ. ಇಷ್ಟೇ. ಸುಮಾರು ಐದು ಅಡಿ ಆಗುವವರೆಗೆ ಇದನ್ನೇ ಮಾಡುತ್ತಾ ಹೋಗಿ.

ದಾರ ಮುಂದೆ ತಂದರೆ ಒಂದು ತೂತು, ಒಂದು ಹೊಸ ಕುಣಿಕೆ. ಎರಡು ಸೇರಿಸಿದರೆ ಒಂದು ಕಡಿಮೆ. ಆರು ಏರಿದರೆ ಆರು ಇಳಿಯಬೇಕು. ಅದಕ್ಕೇ ಮೂರನೇ ಸಾಲಿನ ಕೊನೆಗೆ ಮತ್ತೆ 78 ಸಿಗಬೇಕು. ಕಸೂತಿಯಲ್ಲಿ ಎಳೆ ಎಣಿಸಿ ಗವಂತಿ ಹೊಲಿಗೆ ಹಾಕಿ ಗೊತ್ತಿರುವ ಧಾರವಾಡದ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅವರ ಕಣ್ಣೇ ಎಣಿಸುತ್ತದೆ. ಉಳಿದವರು ಪ್ರತಿ 18ಕ್ಕೆ ಬೇರೆ ಬಣ್ಣದ ದಾರದ ಉಂಗುರವೊಂದನ್ನು ಕಡ್ಡಿಗೆ ಹಾಕಿಕೊಳ್ಳಿ. ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತು ಎಂದು ಆ ಮನೆಯಲ್ಲೇ ಸಿಗುತ್ತದೆ. ಒಂದು ತೂತು ಬಿಟ್ಟುಹೋಗಿದ್ದರೆ ಬಿಚ್ಚಬೇಕಿಲ್ಲ. ಮುಂದಿನ ಸಾಲಿನಲ್ಲಿ ಆ ಜಾಗಕ್ಕೆ ಬಂದಾಗ, ಎರಡು ಕುಣಿಕೆ ನಡುವಿನ ಅಡ್ಡ ಎಳೆಯನ್ನು ಕಡ್ಡಿಗೆ ಎತ್ತಿ ಹೆಣೆದರಾಯಿತು.

ಇಪ್ಪತ್ತು ಸಾಲಿಗೊಮ್ಮೆ, ಕಡ್ಡಿಯ ಮೇಲಿನ ಎಲ್ಲ ಕುಣಿಕೆಗಳ ಒಳಗೂ ನುಣುಪಾದ ಹತ್ತಿ ದಾರವೊಂದನ್ನು ಸೂಜಿಯಿಂದ ತೂರಿಸಿ ಹಾಗೇ ಬಿಡಿ. ಅದು ಉಂಗುರದೊಳಗೆ ಹೋಗಬಾರದು. ಮುಂದೆ ಏನಾದರೂ ಎಡವಟ್ಟಾದರೆ ಅಲ್ಲಿಯವರೆಗೆ ಮಾತ್ರ ಬಿಚ್ಚಿದರೆ ಸಾಕು. ಐದು ನಿಮಿಷದ ಈ ಕೆಲಸಕ್ಕೆ ಬೇಜಾರು ಪಟ್ಟುಕೊಂಡವರು ಇಡೀ ಶಾಲು ಬಿಚ್ಚಿದ್ದನ್ನು ನೋಡಿದ್ದೇನೆ.

ಹಂತ 4: ಮುಚ್ಚುವುದು

ಕೊನೆಯ ಸಾಲನ್ನು ಸಡಿಲವಾಗಿ ಮುಚ್ಚಿ. ಕೈ ಬಿಗಿ ಇರುವವರು ಇದೊಂದಕ್ಕೆ ನಂಬರ್ 6, ಅಂದರೆ 5 ಮಿಲಿಮೀಟರ್ ಕಡ್ಡಿ ಬಳಸಿ.

ಹಂತ 5: ಎಳೆದು ಒಣಗಿಸುವುದು

ಈಗ ಅಸಲು ಕೆಲಸ. ಶೆಟ್ಲಂಡಿನಲ್ಲಿ ಶಾಲು ಎಳೆದು ಕಟ್ಟುವುದಕ್ಕೆಂದೇ ಮರದ ಚೌಕಟ್ಟು ಇರುತ್ತಿತ್ತು. ನಮಗೆ ಗಾದಿ ಸಾಕು.

ಅಗಲ ಬುಟ್ಟಿಯಲ್ಲಿ ಉಗುರುಬೆಚ್ಚಗಿನ ನೀರು, ಒಂದು ಚಮಚ ಶಾಂಪೂ. ಶಾಲನ್ನು ಮುಳುಗಿಸಿ 20 ನಿಮಿಷ ಸುಮ್ನೆ ಬಿಡಿ. ತಿಕ್ಕಬೇಡಿ, ಹಿಂಡಬೇಡಿ. ನಲ್ಲಿ ಕೆಳಗೆ ಹಿಡಿಯಲೂ ಬೇಡಿ. ಬಿಸಿನೀರು ಮತ್ತು ತಿಕ್ಕಾಟ ಸೇರಿದರೆ ಉಣ್ಣೆ ಗಂಟುಕಟ್ಟಿ ಕುಗ್ಗುತ್ತದೆ, ಆಮೇಲೆ ಯಾವ ದೇವರು ಬಂದರೂ ಬಿಡಿಸಲಾಗದು. ಅಷ್ಟೇ ಬೆಚ್ಚಗಿನ ಬೇರೆ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಎತ್ತುವಾಗ ಒಂದು ಮೂಲೆ ಹಿಡಿದು ಎತ್ತಬಾರದು. ಎರಡೂ ಕೈಯಲ್ಲಿ ಒಟ್ಟಿಗೆ ಎತ್ತಿ, ಇಲ್ಲದಿದ್ದರೆ ನೀರಿನ ಭಾರಕ್ಕೆ ಉದ್ದಕ್ಕೆ ಇಳಿದುಬಿಡುತ್ತದೆ. ಒಣ ಟವೆಲ್ ಮೇಲೆ ಹರಡಿ, ಟವೆಲ್ ಸಮೇತ ಸುರುಳಿ ಸುತ್ತಿ, ಅದರ ಮೇಲೆ ನಿಂತು ತುಳಿಯಿರಿ. ನೀರೆಲ್ಲ ಟವೆಲ್ಲಿಗೆ ಹೋಗುತ್ತದೆ.

ಗಾದಿಯ ಮೇಲೆ ಬಣ್ಣ ಬಿಡದ, ಚೌಕಳಿ ಇರುವ ಹಳೇ ಚಾದರ ಹಾಸಿ. ಚೌಕಳಿ ಯಾಕೆಂದರೆ ಆ ಗೆರೆಗಳೇ ನಿಮ್ಮ ಅಳತೆಪಟ್ಟಿ. ಪಿನ್ನು ಸ್ಟೇನ್‌ಲೆಸ್ ಸ್ಟೀಲಿನದೇ ಇರಬೇಕು. ಆಫೀಸಿನ ಸಾದಾ ಗುಂಡುಸೂಜಿ ಒದ್ದೆ ಉಣ್ಣೆಯಲ್ಲಿ ಒಂದು ರಾತ್ರಿ ಇದ್ದರೂ ತುಕ್ಕಿನ ಕಲೆ ಕೂರುತ್ತದೆ.

ಮೊದಲು ನಾಲ್ಕು ಮೂಲೆ ಚುಚ್ಚಿ. ಆಮೇಲೆ ಉದ್ದದ ಅಂಚುಗಳ ನಡುಮಧ್ಯ, ಎದುರುಬದುರು. ಆಮೇಲೆ ಉಳಿದ ಜಾಗದ ಮಧ್ಯ, ಹೀಗೆ ಅರ್ಧ ಅರ್ಧ ಮಾಡುತ್ತಾ ಹೋಗಿ. ಒಂದು ತುದಿಯಿಂದ ಸಾಲಾಗಿ ಚುಚ್ಚಿಕೊಂಡು ಬಂದರೆ ಶಾಲು ಒಂದು ಕಡೆಗೆ ವಾಲುವುದು ಗ್ಯಾರಂಟಿ. ಹೆದರದೆ ಎಳೆಯಿರಿ. 13–14 ಅಂಗುಲ ಅಗಲ ಇದ್ದದ್ದು 17ರ ಹತ್ತಿರ ಬರಬೇಕು. ಎಲ್ಲ ಕಡೆ ಎಳೆದಾದ ಮೇಲೆ ಸಡಿಲ ಕಂಡ ಪಿನ್ನು ಕಿತ್ತು ಮತ್ತೆ ಚುಚ್ಚಿ. ಎರಡು ಸುತ್ತು ಇದೇ ಕೆಲಸ. ಶುರು ಮತ್ತು ಕೊನೆಯ ಅಂಚಿನಲ್ಲಿ ತಾನಾಗಿ ಅಲೆ ಮೂಡಿರುತ್ತದೆ. ಅದನ್ನು ನೇರ ಮಾಡಲು ಹೋಗಬೇಡಿ, ಪ್ರತಿ ಅಲೆಯ ತುದಿಗೆ ಒಂದೊಂದು ಪಿನ್ನು.

ಫ್ಯಾನ್ ಹಾಕಿ, ಬಾಗಿಲು ಹಾಕಿ. ಬೆಕ್ಕಿರುವ ಮನೆಯಾದರೆ ಚಿಲಕವನ್ನೂ ಹಾಕಿ. ಬೇಸಿಗೆಯಲ್ಲಿ ಒಂದು ರಾತ್ರಿಗೆ ಒಣಗೀತು. ಧಾರವಾಡದ ಶ್ರಾವಣದ ಜಿಟಿಜಿಟಿಯಲ್ಲಿ ಎರಡು ದಿನ ಬೇಕು, ಆ ಗಾದಿಯಲ್ಲಿ ಮಲಗುವವರಿಗೆ ಮೊದಲೇ ಹೇಳಿಬಿಡಿ. ಒಂಚೂರು ತೇವ ಇರುವಾಗ ಪಿನ್ನು ಕಿತ್ತರೆ ಶಾಲು ಮತ್ತೆ ಮುದುಡುತ್ತದೆ.

ಅಕ್ರಿಲಿಕ್‌ನಲ್ಲಿ ಹೆಣೆದಾಗಿದೆ, ಏನು ಮಾಡೋಣ? ಅದಕ್ಕೆ ನೀರಿನ ಉಪಚಾರ ತಾಗುವುದಿಲ್ಲ. ಪಿನ್ ಚುಚ್ಚಿ, ಸ್ಟೀಮ್ ಇಸ್ತ್ರಿಯನ್ನು ಒಂದು ಅಂಗುಲ ಮೇಲೆ ಹಿಡಿದು ಹಬೆ ಮಾತ್ರ ಬಿಡಿ. ತಾಗಿದರೆ ಕರಗೀತು. ಹಬೆ ಜಾಸ್ತಿಯಾದರೂ ಜೋಲು ಬೀಳುತ್ತದೆ, ಅದನ್ನು ಸರಿಮಾಡಲು ಆಗುವುದಿಲ್ಲ. ಮೊದಲು ಸಣ್ಣ ತುಂಡೊಂದು ಹೆಣೆದು ನೋಡಿ.

ಟೀಪಾಯಿ ಮೇಲಿನ ದುಂಡು ಲೇಸಿಗೆ

ಇದಕ್ಕೆ 20ನೇ ನಂಬರಿನ ಹತ್ತಿ ಕ್ರೋಶಾ ದಾರ, 2 ಮಿಲಿಮೀಟರ್ ಕಡ್ಡಿ. ಶಾಲು ಮುಗಿಸಿದ ಮೇಲೆ ಕೈಹಾಕಿ. ಒಣಗಿಸುವಾಗ ಕೈವಾರದಿಂದ ಕಾಗದದ ಮೇಲೆ ವೃತ್ತ ಬರೆದು, ಪಿಜ್ಜಾ ಕತ್ತರಿಸುವಂತೆ ಅಲ್ಲ, ಲೆಕ್ಕ ಹಾಕಿ 16 ಸಮ ಭಾಗ ಮಾಡಿ. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ನಡುವಿನಿಂದ ಹೊರಗೆ ಎಳೆದು ಪಿನ್ ಚುಚ್ಚಿ. ಗಟ್ಟಿ ನಿಲ್ಲಲು ಸೋಸಿದ ತೆಳು ಅಕ್ಕಿ ಗಂಜಿ ಚೆನ್ನ. ಸಕ್ಕರೆ ನೀರು ಹಾಕಿ ಎಂದು ಹೇಳುವವರಿದ್ದಾರೆ. ಗಟ್ಟಿಯಾಗುವುದೇನೋ ನಿಜ, ಇರುವೆ ಸಾಲಿಗೂ ದಾರಿ ಮಾಡಿಕೊಟ್ಟಂತೆ.

ಉಣ್ಣೆಯಾಗಲಿ ಹತ್ತಿಯಾಗಲಿ, ತೊಳೆದಾಗಲೆಲ್ಲ ಮತ್ತೆ ಪಿನ್ ಚುಚ್ಚಬೇಕು. ಯಾರಿಗಾದರೂ ಉಡುಗೊರೆ ಕೊಡುವಾಗ ಒಂದು ಡಬ್ಬಿ ಸ್ಟೀಲ್ ಪಿನ್ನನ್ನೂ ಜೊತೆಗೆ ಕೊಡಿ.