ಮನೆತನದ ಬೇರು ಹುಡುಕಲು ಹೊರಟವರು ಹಳೆಯ ಫೋಟೊ ಒಯ್ಯಿರಿ
ಬಾಲ್ಯದ ಗೆಳೆಯರನ್ನು ಎಷ್ಟೋ ವರ್ಷದ ಮೇಲೆ ನೋಡಲು ಹೋಗುವಾಗ, ನಿಮ್ಮ ಮನೆಯ ಹಳೆಯ ಫೋಟೊಗಳಲ್ಲಿ ಗುರುತು ಸಿಗದ ಮುಖಗಳಿರುವ ನಾಲ್ಕೈದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ಯಿರಿ. ಅವರ ಮನೆಯ ಹಿರಿಯರ ಕೈಗೆ ಕೊಟ್ಟು ಸುಮ್ಮನೆ ಕೂತುಬಿಡಿ. “ನಮ್ಮ ಅಜ್ಜನ ಬಗ್ಗೆ ಏನಾದರೂ ಹೇಳಿ” ಎಂದರೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಮುಖ ಕಂಡರೆ ಹೆಸರು, ಹೆಸರಿನ ಬೆನ್ನಿಗೆ ಮನೆ, ಸಂಬಂಧ ಎಲ್ಲ ನೆನಪಾಗುತ್ತವೆ. ನಮ್ಮವರೇ ಮರೆತದ್ದು ಎಷ್ಟೋ ಸಲ ನೆರೆಯವರಿಗೆ ನೆನಪಿರುತ್ತದೆ! ಅವರು ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಹೆಸರುಗಳನ್ನು ಪ್ರಿಂಟಿನ ಹಿಂದೆ ಅಲ್ಲೇ ಬರೆದುಕೊಳ್ಳಿ. ಇಸವಿಗಳ ವಿಷಯದಲ್ಲಿ ಮಾತ್ರ ಇದು ಕೈಕೊಡುತ್ತದೆ, ಅದಕ್ಕೆ ದಾಖಲೆಯನ್ನೇ ನೋಡಬೇಕು. ಅಣ್ಣತಮ್ಮಂದಿರ ಮುಖಗಳೂ ಅದಲುಬದಲಾಗುವುದುಂಟು. ಇನ್ನೊಬ್ಬ ಹಿರಿಯರನ್ನು, ಮೊದಲಿನ ಉತ್ತರ ಹೇಳದೆ, ಬೇರೆಯಾಗಿ ಕೇಳಿ.