ಎಂವಿಸಿ ಕೇಸು: ನಾನು ಮೊದಲು ನೋಡುವುದು ಆಸ್ಪತ್ರೆಯ ಚೀಟಿ

ತುಮಕೂರಿನಲ್ಲಿ ರಸ್ತೆ ಅಪಘಾತ ಪರಿಹಾರದ ಕೇಸುಗಳನ್ನು, ಅಂದರೆ ಎಂವಿಸಿ ಕೇಸುಗಳನ್ನು, ನಡೆಸುವ ವಕೀಲ ನಾನು. ಬಂದವರು ಕೂತ ಕೂಡಲೇ ಕೇಳುವುದು "ಎಷ್ಟು ಸಿಗಬಹುದು ಸಾರ್?" ಅಂತ. ನಾನು ಕೇಳುವುದು ಗಾಯಾಳುವನ್ನು ಮೊದಲು ಕರೆದುಕೊಂಡು ಹೋದ ಆಸ್ಪತ್ರೆಯ ಚೀಟಿ. ಎಫ್‌ಐಆರ್, ಬಿಲ್ಲು ಎಲ್ಲ ಆಮೇಲೆ. ಗಾಯ ಹೇಗಾಯಿತು ಅಂತ ಡ್ಯೂಟಿ ಡಾಕ್ಟರು ಆ ಚೀಟಿಯಲ್ಲಿ ಒಂದು ಸಾಲು ಬರೆದಿರುತ್ತಾರೆ. ಕೇಸಿನ ಹಣೆಬರಹ ಎಷ್ಟೋ ಸಲ ಆ ಸಾಲಿನಲ್ಲೇ ಇರುತ್ತದೆ.

ಗಾರೆ ಕೆಲಸದ ಒಬ್ಬರ ಕೇಸು ಹೇಳುತ್ತೇನೆ. ವಯಸ್ಸು 34. ಶಿರಾ ರಸ್ತೆಯಲ್ಲಿ ಬೈಕಿನಲ್ಲಿ ಬರುತ್ತಿದ್ದರು. ಎದುರಿನಿಂದ ಬಂದ ಗೂಡ್ಸ್ ಗಾಡಿ ಓವರ್‌ಟೇಕ್ ಮಾಡುವ ಅವಸರದಲ್ಲಿ ಗುದ್ದಿತು. ಬಲಗಾಲಿನಲ್ಲಿ ಮಂಡಿಯ ಕೆಳಗೆ ಎರಡೂ ಮೂಳೆ ಮುರಿದವು. ದಾರಿಹೋಕರು ಆಟೋಗೆ ಹತ್ತಿಸಿ ಕಳಿಸಿದರು. ಆಸ್ಪತ್ರೆಯಲ್ಲಿ ಏನಾಯಿತು ಅಂತ ಕೇಳಿದಾಗ ಜೊತೆಗೆ ಬಂದವರು "ಬೈಕಿಂದ ಬಿದ್ದುಬಿಟ್ಟಿದ್ದಾರೆ" ಅಂದರು. ಚೀಟಿಯಲ್ಲೂ ಹಾಗೇ ಬಂತು: ಬೈಕಿನಿಂದ ತಾನಾಗಿ ಬಿದ್ದದ್ದು. ಮನೆಯವರೆಲ್ಲ ಆಪರೇಷನ್ ಓಡಾಟದಲ್ಲಿದ್ದರು. ಠಾಣೆಗೆ ಹೋಗಿ ದೂರು ಕೊಡುವಷ್ಟರಲ್ಲಿ ವಾರ ಕಳೆದಿತ್ತು. ಇನ್ಶೂರೆನ್ಸ್ ಕಂಪನಿಯ ವಕೀಲರಿಗೆ ಇಷ್ಟು ಸಾಕಲ್ವಾ? ತಾನೇ ಬಿದ್ದು, ಆಮೇಲೆ ಇನ್ಶೂರೆನ್ಸ್ ಇರುವ ಗಾಡಿಯೊಂದನ್ನು ತಂದು ಸೇರಿಸಿದ್ದಾರೆ ಅಂತ ವಾದಿಸಿದರು.

ಆ ವಾದ ಎತ್ತಿದ್ದಕ್ಕೆ ನಾನು ಅವರನ್ನು ದೂರುವುದಿಲ್ಲ. ಗಾಡಿ ಸೇರಿಸುವ ದಂಧೆ ಇದೆ. ಉತ್ತರ ಪ್ರದೇಶದಲ್ಲಿ ಸುಳ್ಳು ಕ್ಲೇಮುಗಳ ತನಿಖೆಗೆ 2015ರಲ್ಲಿ ಹೈಕೋರ್ಟು ಎಸ್‌ಐಟಿಯನ್ನೇ ಮಾಡಿಸಬೇಕಾಯಿತು. ಅಂಥ ಕೇಸು ಹಿಡಿದುಕೊಂಡು ನನ್ನ ಹತ್ತಿರವೂ ಜನ ಬರುತ್ತಾರೆ. ನಾನು ಮುಟ್ಟುವುದಿಲ್ಲ. ಅವರು ಹುಟ್ಟಿಸಿದ ಅನುಮಾನವನ್ನು ಕೊನೆಗೆ ಹೊರಬೇಕಾದವರು ಈ ಗಾರೆ ಕೆಲಸದವರಂಥ ಜನ.

ಚೀಟಿ ತಿದ್ದಿಸೋಣ ಅಂತ ಮನೆಯವರು ಕೇಳಿದರು. ಬೇಡ ಅಂದೆ. ಅಪಘಾತವಾದ ಗಾಡಿಗಳನ್ನು ಮೋಟಾರು ವಾಹನ ಇನ್ಸ್‌ಪೆಕ್ಟರು ಪರೀಕ್ಷಿಸಿ ಬರೆಯುವ ಐಎಂವಿ ವರದಿ ತರಿಸಿ ನೋಡಿದೆ. ಬೈಕಿನ ಬಲಗಡೆಯ ಲೆಗ್‌ಗಾರ್ಡ್ ಒಳಕ್ಕೆ ಮಡಚಿಕೊಂಡಿತ್ತು. ಗೂಡ್ಸ್ ಗಾಡಿಯ ಬಂಪರ್ ಬಲ ಮೂಲೆಯಲ್ಲಿ ತಗ್ಗಾಗಿತ್ತು. ಮುರಿದದ್ದೂ ಬಲಗಾಲೇ. ಸ್ಪಾಟ್ ಮಹಜರಿನ ಸ್ಕೆಚ್ಚಿನಲ್ಲಿ ಗುದ್ದಿದ ಜಾಗ ಬೈಕು ಬರುತ್ತಿದ್ದ ಬದಿಯಲ್ಲೇ ಇತ್ತು. ಆಟೋ ಡ್ರೈವರನ್ನು ಹುಡುಕಿ ಸಾಕ್ಷಿ ಹೇಳಿಸಿದೆ. ಆಸ್ಪತ್ರೆಯ ರೆಕಾರ್ಡ್ ವಿಭಾಗದವರನ್ನು ಕರೆಸಿ ಒಂದೇ ವಿಷಯ ಕೇಳಿದೆ: ಈ ಮಾಹಿತಿ ಕೊಟ್ಟವರು ಯಾರು? ರಿಜಿಸ್ಟರಿನಲ್ಲಿ 'ಕರೆತಂದವರು' ಅಂತ ಇತ್ತು. ಗಾಯಾಳು ಆ ಮಾತು ಹೇಳಿರಲಿಲ್ಲ. ಅಪಘಾತ ಪರಿಹಾರ ತೀರ್ಮಾನಿಸುವ ಟ್ರಿಬ್ಯೂನಲ್ ಒಪ್ಪಿತು.

ಇನ್ನು ಹಣದ ಲೆಕ್ಕ. ನಮ್ಮಲ್ಲಿ ಜೂರಿ ಇಲ್ಲ, ಮನಸ್ಸಿಗೆ ಬಂದಷ್ಟು ಮೊತ್ತ ಕೊಡುವಂತೆಯೂ ಇಲ್ಲ. ತಿಂಗಳ ಆದಾಯ, ಅದನ್ನು 12ರಿಂದ ಗುಣಿಸಿ, ಆಮೇಲೆ ವಯಸ್ಸಿಗೆ ತಕ್ಕ ಗುಣಕ. ಸರಳಾ ವರ್ಮಾ ಕೇಸಿನಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಪಟ್ಟಿ ಪ್ರಕಾರ 34 ವಯಸ್ಸಿಗೆ ಗುಣಕ 16. ಆದಾಯ 12,000 ಅಂತ ಹಿಡಿದರು. ಮೂಳೆ ಡಾಕ್ಟರು ಕಾಲಿಗೆ 45% ಊನ, ಇಡೀ ದೇಹಕ್ಕೆ ಲೆಕ್ಕ ಹಾಕಿದರೆ 15% ಅಂದರು. ಅಷ್ಟಕ್ಕೇ ನಿಂತರೆ 3,45,600 ರೂಪಾಯಿ.

ಅಲ್ಲಿಗೆ ಬಿಡಬಾರದು. ದೇಹದ ಊನ ಬೇರೆ, ದುಡಿಯುವ ಶಕ್ತಿ ಕಳೆದುಕೊಳ್ಳುವುದು ಬೇರೆ ಅಂತ ರಾಜ್ ಕುಮಾರ್ ಕೇಸಿನ ಸುಪ್ರೀಂ ಕೋರ್ಟ್ ತೀರ್ಪು ಸ್ಪಷ್ಟವಾಗಿ ಹೇಳಿದೆ. ಈಗ ಕೆಲಸ ಹೇಗೆ ಮಾಡುತ್ತೀರಿ ಅಂತ ಆ ಗಾರೆ ಕೆಲಸದವರನ್ನು ಕೋರ್ಟಿನಲ್ಲೇ ಕೇಳಿದೆ. "ಸಾರುವೆ ಹತ್ತೋಕಾಗಲ್ಲ ಸಾರ್. ಕುಕ್ಕರಗಾಲಲ್ಲಿ ಕೂರೋಕಾಗಲ್ಲ. ನೆಲದ ಮೇಲೆ ನಿಂತು ಕಟ್ಟೋ ಗೋಡೆ ಎಷ್ಟಿರುತ್ತೆ?" ಅಂದರು. ಟ್ರಿಬ್ಯೂನಲ್ 30% ಹಿಡಿಯಿತು. 6,91,200 ಆಯಿತು. ಆಸ್ಪತ್ರೆ ಖರ್ಚು, ನೋವು ಸಂಕಟದ್ದು ಬೇರೆ.

ಇಂಥ ಕೇಸುಗಳಿಂದಲೇ ಇನ್ಶೂರೆನ್ಸ್ ದುಬಾರಿ ಆಗುತ್ತಿದೆ ಅನ್ನುವ ಮಾತು ಆಗಾಗ ಕೇಳುತ್ತೇನೆ. ಅಮೆರಿಕದಲ್ಲಿ ಇದು ದೊಡ್ಡ ರಾಜಕೀಯ. ಫ್ಲೋರಿಡಾ 2023ರಲ್ಲಿ ನಿರ್ಲಕ್ಷ್ಯದ ಕೇಸು ಹಾಕುವ ಗಡುವನ್ನು 4 ವರ್ಷದಿಂದ 2ಕ್ಕೆ ಇಳಿಸಿತು. ನಮ್ಮಲ್ಲಿ ಥರ್ಡ್ ಪಾರ್ಟಿ ಪ್ರೀಮಿಯಂ ನಿಗದಿ ಮಾಡುವುದು ಕೇಂದ್ರ ಸರ್ಕಾರ. 2022ರ ಜೂನ್ 1ರಿಂದ ಬಂದ ದರದಲ್ಲಿ 75 ಸಿಸಿ ದಾಟಿದ, 150 ಸಿಸಿವರೆಗಿನ ಬೈಕಿಗೆ ವರ್ಷಕ್ಕೆ 714 ರೂಪಾಯಿ, 1000 ಸಿಸಿವರೆಗಿನ ಕಾರಿಗೆ 2,094. ಜಿಎಸ್‌ಟಿ ಬೇರೆ. ಅಷ್ಟು ಕಟ್ಟಿದರೆ ಎದುರಿನವರ ಸಾವು, ಗಾಯಕ್ಕೆ ಕಂಪನಿ ಕೊಡಬೇಕಾದ ಮೊತ್ತಕ್ಕೆ ಮಿತಿಯೇ ಇಲ್ಲ.

ಆ ಮಿತಿ ತರುವ ಪ್ರಯತ್ನವೂ ಆಗಿತ್ತು. ಮೋಟಾರು ವಾಹನ ಕಾಯ್ದೆಯ 2016ರ ತಿದ್ದುಪಡಿ ಮಸೂದೆಯಲ್ಲಿ ಸಾವಿಗೆ ಕಂಪನಿಯ ಹೊಣೆ 10 ಲಕ್ಷಕ್ಕೆ ಸೀಮಿತ ಅಂತ ಇತ್ತು. ಮುಂದೆ ಅದನ್ನು ಕೈಬಿಟ್ಟರು, ಒಳ್ಳೆಯದಾಯಿತು. ಲೆಕ್ಕ ಹಾಕಿ ನೋಡಿ. ತಿಂಗಳಿಗೆ 30,000 ದುಡಿಯುವ, ಸ್ವಂತ ಅಂಗಡಿಯ 28ರ ಯುವಕ ತೀರಿಕೊಂಡ, ಹೆಂಡತಿ ಮತ್ತು ಮಗು ಇದ್ದಾರೆ ಅನ್ನಿ. ಮುಂದಿನ ಗಳಿಕೆಗೆ 40% ಸೇರಿಸಿ, ಅವನ ಸ್ವಂತ ಖರ್ಚಿಗೆ ಮೂರನೇ ಒಂದು ಭಾಗ ಕಳೆದು, 17ರಿಂದ ಗುಣಿಸಿದರೆ 57,12,000. ಕಂಪನಿ 10 ಲಕ್ಷ ಕೊಟ್ಟು ಕೈತೊಳೆದುಕೊಂಡಿದ್ದರೆ ಉಳಿದ 47 ಲಕ್ಷ ಯಾರ ತಲೆಗೆ? ಪ್ರೀಮಿಯಂ ತಪ್ಪದೆ ಕಟ್ಟಿದ ಗಾಡಿ ಮಾಲೀಕನ ತಲೆಗೆ.

ನನ್ನ ಕಣ್ಣಿಗೆ ಕಾಣುವ ದುಂದು ಬೇರೆಯೇ. ಅದು ಎಳೆದಾಟ. ಪೆಟಿಷನ್ ಹಾಕಿದ ದಿನದಿಂದ ಬಡ್ಡಿ ಓಡುತ್ತದೆ. ಕೇಸು 4 ವರ್ಷ ನಡೆದು 6% ಬಡ್ಡಿ ಬಿದ್ದರೆ, ಆ 6,91,200ಕ್ಕೆ ಬಡ್ಡಿಯೇ 1,65,888. ಆಗಲೇಬೇಕಾದ ಹಣವನ್ನು ತಡವಾಗಿ ಕೊಟ್ಟಿದ್ದಕ್ಕೆ ಇಷ್ಟು ಜಾಸ್ತಿ. ಅದು ಹೋಗುವುದು ನಾವೆಲ್ಲ ಕಟ್ಟಿದ ಪ್ರೀಮಿಯಮ್ಮಿನಿಂದ. ಆದ್ದರಿಂದ ತಕರಾರಿಲ್ಲದ ಕೇಸುಗಳಲ್ಲಿ ನಾನೇ ಕಂಪನಿಯವರ ಹತ್ತಿರ ಹೋಗಿ ಲೋಕ ಅದಾಲತ್ತಿಗೆ ಕೇಳುತ್ತೇನೆ. ಒಂದಿಷ್ಟು ಕಡಿಮೆಯಾದರೂ ಗಾಯಾಳುವಿಗೆ ಬೇಗ ದುಡ್ಡು ಸಿಗುತ್ತದೆ.

ಗಡುವು ಮಾತ್ರ ನಮ್ಮಲ್ಲೂ ಬಂದಿದೆ, ಫ್ಲೋರಿಡಾಗಿಂತ ಬಿಗಿಯಾಗಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲು 6 ತಿಂಗಳು ಅಂತ ಇತ್ತು. ಬಡವರಿಗೆ ಕಷ್ಟ ಅಂತ 1994ರಲ್ಲಿ ತೆಗೆದರು. 2019ರ ತಿದ್ದುಪಡಿ ಮತ್ತೆ ತಂದಿತು, 2022ರ ಏಪ್ರಿಲ್ 1ರಿಂದ ಜಾರಿ. ಕಾಲಿನೊಳಗೆ ರಾಡ್ ಇರುವ ಮನುಷ್ಯ 6 ತಿಂಗಳಿಗೆ ಸರಿಯಾಗಿ ನಡೆಯುವುದೂ ಇಲ್ಲ. ಊನ ಎಷ್ಟು ಅಂತ ಡಾಕ್ಟರೂ ಹೇಳಲಾರರು. ಕಾಲು ಕಳೆದುಕೊಂಡವನು ಕೋರ್ಟಿಗೂ ಓಡಬೇಕು ಅನ್ನುವುದು ನನಗೆ ನ್ಯಾಯ ಅನ್ನಿಸುವುದಿಲ್ಲ. ತಡವಾಯಿತು ಅನ್ನುವ ಕಾರಣಕ್ಕೇ ಅರ್ಜಿ ವಜಾ ಮಾಡಬೇಡಿ ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಅದನ್ನು ನೆಚ್ಚಿಕೊಂಡು ನಾನು ಯಾರ ಅರ್ಜಿಯನ್ನೂ ತಡಮಾಡುವುದಿಲ್ಲ. ಎಫ್‌ಐಆರ್, ಮೊದಲ ಚೀಟಿ, ಗಾಡಿ ನಂಬರ್ ಕೈಗೆ ಬಂದರೆ ಪೆಟಿಷನ್ ಹಾಕುತ್ತೇನೆ. ಊನದ ಸರ್ಟಿಫಿಕೇಟ್ ಆಮೇಲೆ ಕೊಟ್ಟರೂ ನಡೆಯುತ್ತದೆ.